ಹುಳ ಮಲಗಿದ ದಿನದ ಫೋಟೋ

ನಾನು ಫೋಟೋ ಸಾಹೇಬರನ್ನು ಮೊದಲ ಸಲ ಬೈದದ್ದು ಒಂದು ಕ್ಯಾಲೆಂಡರಿನ ವಿಷಯಕ್ಕೆ. ಚಿಂತಾಮಣಿಯ ಪೇಟೆಬೀದಿಯಲ್ಲಿ ಮಾರಾಟಕ್ಕಿದ್ದ ಮನೆಯೊಂದರ ನಡುಮನೆ ಗೋಡೆಯ ಮೇಲೆ ಮಾಳಿಗೆಯ ನೀರು ಇಳಿದಿಳಿದು ಕಲೆಯಾಗಿತ್ತು. ಎಷ್ಟು ಸುಣ್ಣ ಬಳಿದರೂ ವಾರಕ್ಕೆ ಮತ್ತೆ ಮೂಡುವ ಕಲೆ. ನಾನು ಮನೆ ದಲ್ಲಾಳಿ. ನನ್ನ ಕೆಲಸ ನನಗೆ ಗೊತ್ತಿರಬೇಕಲ್ಲ. ಲಕ್ಷ್ಮಿಯ ಕ್ಯಾಲೆಂಡರೊಂದನ್ನು ತಂದು ಸರಿಯಾಗಿ ಅದರ ಮೇಲೇ ನೇತುಹಾಕಿದ್ದೆ. ಇವರು ಬಂದರು, ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿದರು, ಕರಿಬಟ್ಟೆಯೊಳಗೆ ತಲೆ ತೂರಿಸಿ ನೋಡಿದರು. ಆಮೇಲೆ ನೆಟ್ಟಗೆ ಗೋಡೆಯ ಹತ್ತಿರ ಹೋಗಿ ಕ್ಯಾಲೆಂಡರನ್ನು ಎರಡೂ ಕೈಯಿಂದ ಬಿಡಿಸಿ, ಸುರುಳಿ ಸುತ್ತಿ, ಗೂಡಿನಲ್ಲಿಟ್ಟು ಬಂದರು.

"ಸಾಹೇಬ್ರೇ, ಅದು ದೇವರ ಪಟ ಕಣ್ರೀ," ಎಂದೆ.

"ಅದಕ್ಕೇ ಜನಾಬ್, ಹುಷಾರಾಗಿ ತೆಗ್ದು ಇಟ್ಟಿದೀನಿ. ಅಮ್ಮನೋರ ಹಿಂದೆ ನೀವು ಅಡಗಿಕೊಂಡಿದ್ರಿ. ನನಗೆ ಸರಿ ಕಾಣ್ಲಿಲ್ಲ."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಮಣಿಸರ ಎಣಿಸುತ್ತಾ ಫೋಟೋ ತೆಗೆದರು. ಕಲೆ ಎಷ್ಟು ಚೆನ್ನಾಗಿ ಬಂದಿತ್ತೆಂದರೆ, ಆ ಮನೆಯ ಯಜಮಾನನೇ ಅದನ್ನು ಅಷ್ಟು ಸ್ಪಷ್ಟವಾಗಿ ನೋಡಿರಲಿಲ್ಲ.

ಅವರು ಶಿಡ್ಲಘಟ್ಟದವರು. ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚುವವರ ಮನೆತನ. ಆ ಕಸುಬು ಬಿಟ್ಟು ಯಾವ ಕಾಲದಲ್ಲೋ ಕ್ಯಾಮೆರಾ ಹಿಡಿದಿದ್ದರು. ತೀರಿಕೊಂಡು ಆಗಲೇ ಎರಡು ವರ್ಷವಾಯಿತೆಂದು ನನಗೆ ಗೊತ್ತಾದದ್ದು ಹೋದ ತಿಂಗಳು. ಹೆಸರು ಬರೆಯುವುದಿಲ್ಲ. ತಮ್ಮ ಫೋಟೋಗಳ ಮೇಲೆ ಅವರೇ ಎಂದೂ ಹೆಸರು ಒತ್ತಿದವರಲ್ಲ. ನಮ್ಮ ಕಡೆಯವರೆಲ್ಲ ಫೋಟೋ ಸಾಹೇಬರು ಎನ್ನುತ್ತಿದ್ದರು, ಅಷ್ಟು ಸಾಕು.

ಮನೆಯ ಫೋಟೋ ಯಾಕೆ ಎಂದು ಕೇಳಬಹುದು. ನಯಾಪೈಸೆ ಬಂದ ಹೊಸತು. ನಮ್ಮ ಸೀಮೆಯ ಎಷ್ಟೋ ಜನ ಮಿಲಿಟರಿಗೆ, ರೈಲ್ವೆಗೆ, ಚಿನ್ನದ ಗಣಿಗೆ, ಬೊಂಬಾಯಿಗೆ ಹೋಗಿದ್ದರು. ಕೈಯಲ್ಲಿ ನಾಲ್ಕು ಕಾಸಾದ ಕೂಡಲೇ ಊರಲ್ಲೊಂದು ಮನೆ ಬೇಕು ಅನ್ನಿಸುತ್ತಿತ್ತು. ಬಂದು ನೋಡಲು ರಜಾ ಸಿಗುತ್ತಿರಲಿಲ್ಲ. ಕಾಗದದಲ್ಲೇ ವ್ಯಾಪಾರ. "ಫೋಟೋ ಕಳಿಸಿ" ಎಂದು ಬರೆಯುತ್ತಿದ್ದರು. ಚಿಕ್ಕಬಳ್ಳಾಪುರದಿಂದ ಚಿಂತಾಮಣಿವರೆಗೆ ಮದುಮಕ್ಕಳ ಫೋಟೋ ತೆಗೆಯುವವರು ಬೇಕಾದಷ್ಟಿದ್ದರು. ಕತ್ತಲೆ ನಡುಮನೆಯ ಫೋಟೋ ತೆಗೆಯಲು ಬರುತ್ತಿದ್ದದ್ದು ಇವರೊಬ್ಬರಿಗೇ. ಹಾಗಾಗಿ ಬೈದುಕೊಂಡೇ ಕರೆಯುತ್ತಿದ್ದೆ.

ಸಣಕಲು ಮೈ. ಕ್ಯಾಮೆರಾ ಪೆಟ್ಟಿಗೆ ಹೊತ್ತು ಹೊತ್ತು ಎಡ ಭುಜ ಇಳಿದುಹೋಗಿತ್ತು. ಫೋಟೋ ತೊಳೆಯುವ ಔಷಧಿ ನೀರಿನಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಅಡಿಕೆ ಬಣ್ಣಕ್ಕೆ ತಿರುಗಿದ್ದವು. ಮೊದಲ ಬಸ್ಸಿಗೆ ಬರುತ್ತಿದ್ದರು. ಬಂದವರು ಪೆಟ್ಟಿಗೆ ಬಿಚ್ಚುತ್ತಿರಲಿಲ್ಲ. ಮನೆಯೊಳಗೆ ಒಂದು ಮೂಲೆಯಲ್ಲಿ ಗಂಟೆಗಟ್ಟಲೆ ಸುಮ್ಮನೆ ಕೂರುತ್ತಿದ್ದರು. ಮನೆಯವರು ಕಾಫಿ ತಂದರೆ ಮುಟ್ಟುತ್ತಿರಲಿಲ್ಲ.

"ಉಪ್ಪು ತಿಂದ್ಮೇಲೆ ಕಣ್ಣು ಮಂಜಾಗುತ್ತೆ," ಅನ್ನುತ್ತಿದ್ದರು.

"ಕಾಫಿಗೆ ನಾವು ಉಪ್ಪು ಹಾಕಲ್ಲ ಸಾಹೇಬ್ರೇ."

"ನಿಮ್ಮನ್ನ ನಂಬೋಕಾಗಲ್ಲ."

ಅವರು ಮನೆಯವರನ್ನು ಕೇಳುತ್ತಿದ್ದ ಪ್ರಶ್ನೆ ಒಂದೇ. "ಮಳೆ ಬಂದ್ರೆ ಹಾಸಿಗೆ ಎಲ್ಲಿಗೆ ಎಳೀತೀರಾ?" ಯಜಮಾನ "ಎಲ್ಲಿಗೂ ಇಲ್ಲ" ಎನ್ನುವಷ್ಟರಲ್ಲಿ ಮಕ್ಕಳು ಬೆರಳು ತೋರಿಸಿ ಬಿಡುತ್ತಿದ್ದವು: ಇಲ್ಲಿಂದ ಇಲ್ಲಿಗೆ, ಜಾಸ್ತಿ ಬಂದರೆ ಅಲ್ಲಿಗೆ. ಸಾಹೇಬರು ಕ್ಯಾಮೆರಾವನ್ನು ಆ ಕಡೆಗೇ ತಿರುಗಿಸುತ್ತಿದ್ದರು. ಇಂಥವರನ್ನು ಕಟ್ಟಿಕೊಂಡು ದಲ್ಲಾಳಿ ಕೆಲಸ ಮಾಡಿದವನು ನಾನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ; ಮನೆ ಮಾರುವುದೂ ಒಂದು ರೀತಿ ಕನ್ಯಾದಾನವೇ. ಸಾಹೇಬರಿಗೆ ಈ ಮಾತು ತಲೆಗೆ ಹೋಗುತ್ತಿರಲಿಲ್ಲ.

ಫೋಟೋದ ಹಿಂದೆ ಬೇರೆ ಬರೆಯುತ್ತಿದ್ದರು. ಮೋಡಿ ಅಕ್ಷರದಂಥ ತಮ್ಮ ಸುರುಳಿ ಸುರುಳಿ ಕನ್ನಡದಲ್ಲಿ, "ಇದರಲ್ಲಿ ಕಾಣದ್ದು" ಎಂದು ಹಾಕಿ ಕೆಳಗೆ: ಬಾವಿ ನೀರು ಸವಳು. ಹಿತ್ತಲ ಬಾಗಿಲು ಒದ್ದರೆ ಮಾತ್ರ ತೆಗೆಯುತ್ತದೆ. ಮಧ್ಯಾಹ್ನ ಪಕ್ಕದ ಮನೆಯ ಹೊಗೆ ಬರುತ್ತದೆ. ನಾನು ಫೋಟೋಗಳನ್ನು ದಪ್ಪ ರಟ್ಟಿಗೆ ಅಂಟಿಸಿ ಕಳಿಸಲು ಶುರುಮಾಡಿದೆ, ಬರಹ ಒಳಗೇ ಮುಚ್ಚಿಹೋಗಲಿ ಎಂದು. ಒಂದು ದಿನ ಅವರಿಗೆ ಗೊತ್ತಾಯಿತು. ಬೈಯಲಿಲ್ಲ. "ಬರೆಯೋದು ನನ್ನ ಕೆಲಸ, ಬರೆದಿದೀನಿ," ಎಂದು ಮಾತ್ರ ಅಂದರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ಅವರ ಫೋಟೋಗಳಲ್ಲಿ ಒಂದು ಭಯವಿತ್ತು. ಹೇಗೆ ಎಂದು ಹೇಳುತ್ತೇನೆ. ಒಳಮನೆಯ ಬೆಳಕು ಬೆಳಕಿಂಡಿಯಿಂದ ಬರುವಷ್ಟೇ. ಬೇರೆಯವರಾದರೆ ಫ್ಲಾಶ್ ಹೊಡೆಯುತ್ತಿದ್ದರು. ಇವರು ಕ್ಯಾಮೆರಾದ ಕಣ್ಣನ್ನು ಸೂಜಿ ರಂಧ್ರದಷ್ಟು ಕಿರಿದು ಮಾಡಿ, ಮುಚ್ಚಳ ತೆಗೆದು, ಅರ್ಧ ಗಂಟೆ ಹಾಗೇ ಬಿಟ್ಟುಬಿಡುತ್ತಿದ್ದರು. ಆ ಅರ್ಧ ಗಂಟೆಯಲ್ಲಿ ನಿಂತದ್ದು ನಿಂತ ಹಾಗೆ ಬರುತ್ತದೆ. ಅಲ್ಲಾಡಿದ್ದು ಮಂಜಾಗುತ್ತದೆ. ಓಡಾಡಿದ್ದು ಬರುವುದೇ ಇಲ್ಲ.

ಗೌರಿಬಿದನೂರಿನಲ್ಲಿ ಪಾಲಿಗೆ ಬಿದ್ದ ಒಂದು ದೊಡ್ಡ ಮನೆ. ಸಾಹೇಬರು ಮುಚ್ಚಳ ತೆಗೆದು ಕೂತ ಅರ್ಧ ಗಂಟೆಯೂ ಅಣ್ಣತಮ್ಮಂದಿರು ಅದೇ ನಡುಮನೆಯಲ್ಲಿ ಜಗಳವಾಡುತ್ತಾ ಅತ್ತಿಂದಿತ್ತ ತಿರುಗಿದರು. ಹೆಂಗಸರು ಪಾತ್ರೆ ಹೊತ್ತು ಓಡಾಡಿದರು. ವಾರದ ಮೇಲೆ ಫೋಟೋ ತೋರಿಸಿದರೆ ಹಾಗೆ ಓಡಾಡಿದ ಹನ್ನೊಂದು ಜನರಲ್ಲಿ ಒಬ್ಬರೂ ಇಲ್ಲ! ಕಂಬಗಳಿವೆ, ತೂಗುಮಣೆಯಿದೆ, ಕಂಬಕ್ಕೆ ಒರಗಿ ಕದಲದೆ ಕೂತಿದ್ದ ಅಜ್ಜಿಯೊಬ್ಬಳು ಇದ್ದಾಳೆ. ಹಿರಿಸೊಸೆ ಕಿಟಾರನೆ ಕಿರುಚಿದಳು. ಮನೆಮಂದಿಯೆಲ್ಲ ತಮ್ಮ ತಮ್ಮ ಕೈಕಾಲು ಮುಟ್ಟಿ ನೋಡಿಕೊಂಡರು. ಅಜ್ಜಿ ಮಾತ್ರ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟು ದಿನಕ್ಕೆ ಮನೆ ನನ್ನೊಬ್ಬಳದಾಯ್ತು ಕಣಪ್ಪ," ಎಂದು ನಕ್ಕಳು. ನನಗೂ ನಗು ಬಂತು, ಆದರೆ ನಾನೂ ಒಮ್ಮೆ ನನ್ನ ಕೈ ಮುಟ್ಟಿ ನೋಡಿಕೊಂಡೆ. ಆಮೇಲೆ ಸಾಹೇಬರು ಬರುತ್ತಾರೆ ಅಂದರೆ ಜನ ಮಕ್ಕಳನ್ನೆತ್ತಿಕೊಂಡು ಬೀದಿಗೆ ಹೋಗಿ ನಿಲ್ಲುತ್ತಿದ್ದರು.

ಇನ್ನು ಆ ಮನೆಯ ವಿಷಯ. ಅದಕ್ಕಾಗಿಯೇ ಇಷ್ಟೆಲ್ಲ ಬರೆಯಲು ಕೂತದ್ದು.

ಕೆಂಚಾರ್ಲಹಳ್ಳಿಯಿಂದ ಮೈಲಿ ದೂರದ ಒಂದು ಹಳ್ಳಿ. ಮಣ್ಣಿನ ಮಾಳಿಗೆ ಮನೆ, ರೇಷ್ಮೆಹುಳ ಸಾಕುವುದಕ್ಕೆಂದೇ ಕಟ್ಟಿಸಿದ ಉದ್ದನೆಯ ಕೋಣೆ, ಆ ಕೋಣೆಯ ಉದ್ದಕ್ಕೂ ಒಂದೇ ಒಂದು ದಪ್ಪ ತೊಲೆ. ಯಜಮಾನರು ಕೆಲಸ ಸಿಕ್ಕಿ ಪೇಟೆ ಸೇರಿ ಎರಡು ವರ್ಷ. ತೊಲೆಗೆ ಎಣ್ಣೆಮಸಿ ಬಳಿಸಿ ಫಳಫಳ ಹೊಳೆಯುವ ಹಾಗೆ ಮಾಡಿಸಿದ್ದರು. ಆ ಖಾಲಿ ಕೋಣೆಗೆ ಒಂದು ಪ್ರತೀತಿ ಇತ್ತು. ಬಾಗಿಲು ಹಾಕಿಕೊಂಡು ಸುಮ್ಮನೆ ಕೂತರೆ ಹುಳ ಮೇಯುವ ಶಬ್ದ ಕೇಳಿಸುತ್ತದೆ ಎಂದು.

ನಮ್ಮ ಕಡೆಯವರಿಗೆ ಆ ಶಬ್ದ ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗಾಗಿ ಹೇಳುತ್ತೇನೆ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಕದಲದೆ ಮಲಗುತ್ತದೆ. ಅದನ್ನು ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಮೇಲೆ ಅವು ಸೊಪ್ಪು ಮೇಯುವ ಅಬ್ಬರ ಪಡಸಾಲೆಗೂ ಕೇಳುತ್ತದೆ. ಆ ಶಬ್ದ ಕೇಳುತ್ತಾ ಊಟ ಮಾಡುವುದೆಂದರೆ ನಮ್ಮವರಿಗೆ ಹೊಟ್ಟೆಯ ಜೊತೆ ಎದೆಯೂ ತುಂಬಿದ ಹಾಗೆ. ಹಾಗಿರುವಾಗ ಒಂದು ಹುಳವೂ ಇಲ್ಲದ ಕೋಣೆಯಲ್ಲಿ ಅದು ಕೇಳಿದರೆ ಏನು ತಿಳಿಯುತ್ತಾರೆ? ಈ ಮನೆಯಲ್ಲಿ ಬೆಳೆ ಎಂದೂ ಕೈಕೊಡದು, ಹುಳದ ಲಕ್ಷ್ಮಿ ಮನೆಬಿಟ್ಟು ಹೋಗಿಲ್ಲ ಎಂದರು. ನಾನೂ ಹೋಗಿ ಕೂತು ಕೇಳಿದೆ. ಒಣಗಿದ ಎಲೆಯ ಮೇಲೆ ಯಾರೋ ಬೆರಳಾಡಿಸಿದ ಹಾಗೆ, ಎಲ್ಲಿಂದ ಎಂದು ಹೇಳಲಾಗದ ಹಾಗೆ. ಮೈಯೆಲ್ಲ ಜುಂ ಅಂದಿತು. ಹೊರಗೆ ಬಂದವನೇ ಮನೆಯ ಬೆಲೆ ಹೆಚ್ಚಿಸಿ ಹೇಳಿದೆ. ನನ್ನ ಬುದ್ಧಿ ಅಂಥದ್ದು.

ಕೊಳ್ಳಲು ಮುಂದೆ ಬಂದವನು ಉತ್ತರದಲ್ಲೆಲ್ಲೋ ಇದ್ದ ಒಬ್ಬ ಹವಾಲ್ದಾರ. ಅವನ ಹೆಂಡತಿ ಗಂಡನ ಮನೆಯಲ್ಲಿ, ನಗರಗೆರೆಯಲ್ಲಿದ್ದಳು. ಎಂಟು ವರ್ಷದ ಮಗಳು, ಇನ್ನೊಂದು ಕೈಗೂಸು. ಹುಳ ಸಾಕುವ ಮನೆಯಲ್ಲಿ ಹುಟ್ಟಿದ ಹೆಣ್ಣು. ಅವಳು ಬಂದು ಆ ಕೋಣೆಯಲ್ಲಿ ಕೂತು, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಳು. ಕಣ್ಣಲ್ಲಿ ನೀರು ಬಂತು.

"ನಾಲ್ಕನೇ ಜ್ವರ ಎದ್ದಿರೋ ಹುಳ ಕಣಣ್ಣ," ಎಂದಳು. "ನಮ್ಮಮ್ಮನ ಮನೇಲಿ ಕೂತಂಗೈತೆ. ನಂಗೆ ಇದೇ ಮನೆ ಬೇಕು."

ಹವಾಲ್ದಾರ ಮಾತ್ರ ಬರೆದ: ಅವಳು ಮನಸ್ಸಿನಿಂದ ನೋಡುವವಳು, ನನಗೆ ಫೋಟೋ ಕಳಿಸಿ. ಸಾಹೇಬರಿಗೆ ಹೇಳಿಕಳಿಸಿದೆ.

ಅವತ್ತು ಬೆಳಿಗ್ಗೆ ಹತ್ತು ಗಂಟೆಯ ಬಿಸಿಲು. ಒಳಗೆ ನಾವಿಬ್ಬರೇ. ಸಾಹೇಬರು ಬಾಗಿಲು ಹಾಕಿ, ನನ್ನನ್ನು ಕ್ಯಾಮೆರಾದ ಹಿಂದೆ ಕೂರಿಸಿ, "ಉಸಿರಾಡಿ, ಅಲ್ಲಾಡಬೇಡಿ," ಎಂದು ಮುಚ್ಚಳ ತೆಗೆದರು. ಮಣಿ ಸರಿಯುವುದು ಒಂದು, ಆ ಮೇಯುವ ಸದ್ದು ಒಂದು, ಬೇರೆ ಏನೂ ಇಲ್ಲ. ಕಾಲು ಗಂಟೆಯಾದ ಮೇಲೆ ನನಗೆ ಆ ಕೋಣೆಯಲ್ಲಿ ನಾವೇ ಹುಳ ಸಾಕುವ ತಟ್ಟೆಯ ಮೇಲಿನ ಸೊಪ್ಪೇನೋ ಅನ್ನಿಸತೊಡಗಿತು. ಎದ್ದು ಓಡಬೇಕು ಅನ್ನಿಸಿತು. ಓಡಲಿಲ್ಲ, ಓಡಿದರೆ ಕ್ಯಾಮೆರಾದೊಳಗಿನ ಗಾಜಿನ ಪ್ಲೇಟು ಹಾಳಾದೀತು ಎಂದಲ್ಲ, ಅವರು ನಗಬಹುದು ಎಂದು.

ನಾಲ್ಕು ದಿನಕ್ಕೆ ಫೋಟೋ ತಂದರು. ಗೋಡೆ, ಗೂಡು, ನೆಲದ ಬಿರುಕು, ಮೂಲೆಯಲ್ಲಿ ಬಿಟ್ಟುಹೋದ ಹರಕು ತಟ್ಟೆಯ ಒಂದೊಂದು ಬಿದಿರುಕಡ್ಡಿ ಕೂಡ ಸೂಜಿಮೊನೆಯಷ್ಟು ಚೊಕ್ಕ. ತೊಲೆ ಮಾತ್ರ ಮಂಜು. ಅದರ ಕೆಳಗಿನ ಅಂಚು ಎರಡಾಗಿ ಕಾಣುತ್ತಿತ್ತು.

"ಅಲ್ಲಾಡಿಸಿಬಿಟ್ಟಿದೀರಲ್ಲ ಸಾಹೇಬ್ರೇ! ವಯಸ್ಸಾಯ್ತು ನಿಮಗೆ."

"ನಾನು ಅಲ್ಲಾಡಿದ್ರೆ ಗೋಡೇನೂ ಮಂಜಾಗಬೇಕಿತ್ತಲ್ಲ ಜನಾಬ್?"

ಮತ್ತೆ ಹೋದೆವು, ಮತ್ತೆ ಕೂತೆವು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ. ಅವರು ಮೂರನ್ನೂ ನನ್ನ ಮುಂದೆ ಸಾಲಾಗಿ ಇಟ್ಟು, ಭೂತಗನ್ನಡಿ ಕೈಗೆ ಕೊಟ್ಟರು. ಗೋಡೆ ಮೂರರಲ್ಲೂ ಇದ್ದಲ್ಲೇ ಇತ್ತು. ತೊಲೆ ಒಂದಕ್ಕಿಂತ ಒಂದರಲ್ಲಿ ಕೂದಲೆಳೆಯಷ್ಟು ಕೆಳಗಿತ್ತು.

"ಏನಿದು?" ಎಂದೆ.

"ಏನು ಅಂತ ನನಗೆ ಗೊತ್ತಿಲ್ಲ. ನಾನು ಬಡಗಿ ಅಲ್ಲ. ಅಲ್ಲಾಡ್ತಾ ಇದೆ ಅನ್ನೋದು ಗೊತ್ತು. ಕಣ್ಣಿಗೆ ಕಾಣದಷ್ಟು ನಿಧಾನ, ಪ್ಲೇಟಿಗೆ ಕಾಣುತ್ತೆ. ಆ ಹೆಣ್ಣುಮಗಳು ಮಕ್ಕಳನ್ನ ಅದರ ಕೆಳಗೆ ಮಲಗಿಸ್ತಾಳೆ. ಇದನ್ನೇ ಕಳಿಸಿ."

ನಾನು ಮೂರನ್ನೂ ಚೀಲಕ್ಕೆ ಹಾಕಿದೆ. ಕಳಿಸಲಿಲ್ಲ. ಚಿಕ್ಕಬಳ್ಳಾಪುರದಿಂದ ಹೊಸದಾಗಿ ಸ್ಟುಡಿಯೋ ಇಟ್ಟವನೊಬ್ಬನನ್ನು ಕರೆಸಿದೆ. ಅವನು ಬಂದು ಫ್ಲಾಶ್ ಹೊಡೆದ, ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಮುಗಿಯಿತು. ಅಷ್ಟು ಹೊತ್ತಿನಲ್ಲಿ ಯಾವ ತೊಲೆ ತಾನೇ ಅಲ್ಲಾಡೀತು? ಕನ್ನಡಿಯಂಥ ಫೋಟೋ. ತೊಲೆ ರಾಜಠೀವಿಯಿಂದ ನಿಂತಿತ್ತು. ಹವಾಲ್ದಾರ ಮರುಟಪಾಲಿಗೆ ಒಪ್ಪಿದ. ಅದೇ ತಿಂಗಳು ಅವಳು ಮಕ್ಕಳೊಂದಿಗೆ ಬಂದು ಹಾಲು ಉಕ್ಕಿಸಿದಳು. ನಾನು ಹೋಗಿ ಪಾಯಸ ಉಂಡು ಬಂದೆ.

ಮೊದಲ ಬೆಳೆಗೆ ಹುಳದ ಮೊಟ್ಟೆ ತಂದಿಟ್ಟಳು. ಮರಿಹುಳ ಹೊರಬಂದವು. ಕೋಣೆಯ ತುಂಬ ಅವುಗಳ ಸದ್ದು ತುಂಬಿಕೊಂಡ ಮೇಲೆ ಹಳೆಯ ಸದ್ದಿನ ನೆನಪು ಯಾರಿಗೂ ಬರಲಿಲ್ಲ. ಸುಮಾರು ಇಪ್ಪತ್ತು ದಿನ ಕಳೆದಿರಬೇಕು, ಸಾಹೇಬರು ನನ್ನ ಬಾಗಿಲಿಗೆ ಬಂದರು.

"ಯಾವ ಫೋಟೋ ಕಳಿಸಿದ್ರಿ?"

ನಾನು ತಲೆ ಕೆರೆದುಕೊಂಡೆ. ಅವರಿಗೆ ಅಷ್ಟು ಸಾಕಾಯಿತು.

"ನಾಳೆ ಅವಳ ಹುಳ ನಾಲ್ಕನೇ ಜ್ವರಕ್ಕೆ ಮಲಗುತ್ತೆ. ನಾನು ಲೆಕ್ಕ ಹಾಕಿದೀನಿ. ನೀವೂ ಬನ್ನಿ."

ವ್ಯಾಪಾರ ಕೆಡಿಸಿಬಿಟ್ಟಾರು ಎಂಬ ಹೆದರಿಕೆಗೇ ನಾನು ಹೋದದ್ದು. ಹುಳದ ಕೋಣೆಗೆ ಹೊರಗಿನವರನ್ನು ಬಿಡುವ ಪದ್ಧತಿಯಿಲ್ಲ. ಅದು ನನಗಿಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಕೈಕಾಲು ತೊಳೆದು ಹೊಸ್ತಿಲಿನ ಆಚೆಗೇ ಮುಕ್ಕಾಲಿ ನಿಲ್ಲಿಸಿದರು. "ಅಮ್ಮ, ಒಳಗೆ ಬರಲ್ಲ. ಬಾಗಿಲು ತೆಗೆದಿಟ್ಟು ಅರ್ಧ ಗಂಟೆ ನನ್ನ ಜೊತೆ ಸುಮ್ನೆ ಕೂತ್ಕೋ, ಸಾಕು," ಎಂದರು. ಅವಳು ನನ್ನ ಮುಖ ನೋಡಿದಳು. ನಾನು ಹೂಂ ಅಂದೆ. ಮಗಳು ತಾಯಿಯ ಪಕ್ಕ, ಕೂಸು ತೊಡೆಯ ಮೇಲೆ. ಬೀದಿಯಲ್ಲಿ ಹತ್ತಾರು ಜನ ಸೇರಿದರು.

ಮುಚ್ಚಳ ತೆಗೆದರು. ಎರಡೂ ಕಡೆ ಆಳೆತ್ತರದ ತಟ್ಟೆಗಳು, ತಟ್ಟೆಯ ತುಂಬ ಹುಳ. ಸಾವಿರಾರು ಹುಳ ತಲೆ ಮೇಲಕ್ಕೆತ್ತಿಕೊಂಡು, ಒಂದೂ ಕದಲದೆ, ಏನನ್ನೋ ಕೇಳಿಸಿಕೊಳ್ಳುತ್ತಿರುವ ಹಾಗೆ ಮಲಗಿದ್ದವು. ಒಂದು ಹುಳವೂ ಮೇಯುತ್ತಿರಲಿಲ್ಲ. ಆ ನಿಶ್ಶಬ್ದದಲ್ಲಿ ಮೇಯುವ ಸದ್ದು ಶುರುವಾಯಿತು.

ಅವಳು ಮೊದಲು ತಟ್ಟೆಗಳ ಕಡೆ ನೋಡಿದಳು. ಮಲಗಿದ ಹುಳ ಮೇಯುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಧಾನವಾಗಿ ಕತ್ತೆತ್ತಿ ಮೇಲೆ ನೋಡಿದಳು. ಮಗಳು, "ಅಮ್ಮ, ಯಾರಮ್ಮ ತಿಂತಿರೋದು?" ಎಂದು ಪಿಸುಗುಟ್ಟಿತು. ತಾಯಿ ಅದರ ಬಾಯಿಯ ಮೇಲೆ ಕೈಯಿಟ್ಟಳು. ಸಾಹೇಬರ ಬೆರಳುಗಳಲ್ಲಿ ಮಣಿ ಸರಿಯುತ್ತಲೇ ಇತ್ತು. ಇಷ್ಟು ವರ್ಷದಲ್ಲಿ ನಾನು ಎಷ್ಟೋ ಹೆದರಿದ್ದೇನೆ, ಆ ಅರ್ಧ ಗಂಟೆಯಷ್ಟು ಎಂದೂ ಇಲ್ಲ.

ಮಾರನೇ ದಿನವೇ ಫೋಟೋ ತೊಳೆದು ತಂದು ಅವಳ ಕೈಗೆ ಕೊಟ್ಟರು. ಎತ್ತಿದ ತಲೆಗಳು ಒಂದೊಂದೂ ಎಣಿಸುವಷ್ಟು ಚೊಕ್ಕವಾಗಿದ್ದವು. ಅವುಗಳ ಮೇಲೆ ತೊಲೆ ಹೊಗೆಯ ಹಾಗೆ ತೂಗುತ್ತಿತ್ತು.

"ಮಕ್ಕಳನ್ನ ಆಚೆ ಕರ್ಕೊಂಡು ಬಾರಮ್ಮ," ಎಂದರು.

"ಹುಳ ಏನ್ ಮಾಡ್ಲಿ ಸಾಹೇಬ್ರೇ? ಜ್ವರದಲ್ಲಿ ಮುಟ್ಟಂಗಿಲ್ಲ. ಇದ್ದಬದ್ದದ್ದೆಲ್ಲ ಅವುಗಳ ಮೇಲೇ ಹಾಕಿದೀನಿ."

"ಹುಳದ ಮಾತು ಬಿಡು. ಮಕ್ಕಳನ್ನ ಕರ್ಕೊಂಡು ಬಾ."

ಅವಳು ಮಕ್ಕಳನ್ನು ಎದುರು ಮನೆಯ ಜಗಲಿಗೆ ಸೇರಿಸಿದಳು. ತಾನು ಮಾತ್ರ ಹುಳ ಬಿಡಲಿಲ್ಲ. ಅದರ ಮರುದಿನ ಬೆಳಿಗ್ಗೆ ಹುಳ ಜ್ವರದಿಂದ ಎದ್ದವು. ಮೊದಲ ಮೇವಿನ ಕುಕ್ಕೆ ತಲೆಯ ಮೇಲಿಟ್ಟುಕೊಂಡು ಅವಳು ಅಂಗಳ ದಾಟುತ್ತಿದ್ದಳಂತೆ. ಹೊಸ್ತಿಲಿಗೆ ಇನ್ನು ನಾಲ್ಕು ಹೆಜ್ಜೆ. ತೊಲೆ ಮುರಿದು ಮಾಳಿಗೆಯ ಮಣ್ಣೆಲ್ಲ ಕೋಣೆಯೊಳಗೆ ಕೂತಿತು.

ಸುದ್ದಿ ಕೇಳಿ ನಾನು ಓಡಿದೆ. ಸಾಹೇಬರು ನನಗಿಂತ ಮೊದಲೇ ಬಂದಿದ್ದರು. "ಇಲ್ಲು ಪಡಿಪೋಯಿಂದಿ, ಅಯ್ಯೋ, ಇಲ್ಲು ಪಡಿಪೋಯಿಂದಿ," ಎಂದು ಒಬ್ಬ ಮುದುಕಿ ತೆಲುಗಿನಲ್ಲಿ, ಮನೆ ಬಿದ್ದುಹೋಯ್ತೆಂದು ಎದೆ ಬಡಿದುಕೊಳ್ಳುತ್ತಿದ್ದಳು. ಗಂಡಸರು ಮಣ್ಣು ಸರಿಸಿ ತೊಲೆಯ ತುಂಡನ್ನು ಹೊರಗೆಳೆದು ಹಾಕಿದ್ದರು. ಒಳಗೆ ತಿರುಳೇ ಇರಲಿಲ್ಲ. ಎಣ್ಣೆಮಸಿಯ ಸಿಪ್ಪೆ ಮಾತ್ರ, ಒಳಗೆ ನುಣ್ಣಗೆ ಗುಡಿಸಿಟ್ಟ ಹಾಗೆ ಖಾಲಿ. ಗೆದ್ದಲು ಅನ್ನೋಣವೆಂದರೆ ಒಂದೇ ಒಂದು ಗೆದ್ದಲು ಸಿಗಲಿಲ್ಲ, ಒಂದು ಚಿಟಿಕೆ ಮಣ್ಣೂ ಇರಲಿಲ್ಲ. ತಿಂದದ್ದು ಏನು ಎಂದು ನನಗೆ ಈಗಲೂ ಗೊತ್ತಿಲ್ಲ.

ಊರ ಹಿರಿಯರೊಬ್ಬರು ತುಂಡನ್ನು ಕಾಲಿನಿಂದ ಉರುಳಿಸಿ ನೋಡಿದರು. "ಎರಡು ವರ್ಷ ಖಾಲಿ ಬಿದ್ದಿದ್ರೂ ಏನೂ ಆಗಿರ್ಲಿಲ್ಲ. ಕರೀಬಟ್ಟೆ ಹೊದ್ದು ಅರ್ಧ ಗಂಟೆ ಹುಳದ ಮೇಲೆ ಕಣ್ಣಿಟ್ಟು ಕೂತ. ಮೂರನೇ ದಿನಕ್ಕೆ ನೆಲ ಕಚ್ತು. ಇನ್ನೇನ್ ಬೇಕು ಹೇಳಕ್ಕೆ?"

ಎಲ್ಲರ ಮುಖ ಸಾಹೇಬರ ಕಡೆ ತಿರುಗಿತು. ಯಾರೋ ಕ್ಯಾಮೆರಾ ಪೆಟ್ಟಿಗೆಯನ್ನು ಕಾಲಿನಿಂದ ಒದ್ದರು. ಅವರು ಬಾಗಿ ಎತ್ತಿಕೊಳ್ಳಲಿಲ್ಲ. ಮುಖದ ತುಂಬ ಮಣ್ಣಾಗಿದ್ದ ಆ ಹೆಣ್ಣುಮಗಳು ಅವರನ್ನೇ ದಿಟ್ಟಿಸುತ್ತಾ, "ನನ್ ಹುಳ ಏನ್ ಮಾಡಿತ್ತು ನಿನಗೆ?" ಎಂದು ಕೂಗಿದಳು. ಮಗಳು ಅವಳ ಸೆರಗು ಹಿಡಿದು ನಿಂತಿತ್ತು, ಕೂಸು ಕಂಕುಳಲ್ಲಿತ್ತು.

ಹಿರಿಯರು ನನ್ನ ಕಡೆ ತಿರುಗಿದರು. "ದಲ್ಲಾಳಪ್ಪ, ನೀನು ಮಾರಿದಾಗ ಮನೆ ಹೆಂಗಿತ್ತು? ಸತ್ಯ ಹೇಳು."

ನನ್ನ ಚೀಲದಲ್ಲಿ ಆ ಮನೆಯ ಕಾಗದಗಳಿದ್ದವು. ಸಾಹೇಬರ ಮೂರು ಫೋಟೋಗಳೂ ಇದ್ದವು. ಅವರಿಗೂ ಅದು ಗೊತ್ತಿತ್ತು. ನನ್ನ ಮುಖ ನೋಡದೆ ಚೀಲವನ್ನೇ ನೋಡುತ್ತಾ ನಿಂತಿದ್ದರು. ಕೈ ಒಳಗೆ ಹಾಕಿದೆ. ಬೆರಳಿಗೆ ಆ ಮೂರೂ ಸಿಕ್ಕವು, ಹಿಂಬದಿಯ ಶಾಯಿಯ ಗೀಚು ಕೂಡ ತಡವಿದ ಹಾಗಾಯಿತು. ಅವುಗಳನ್ನು ದಾಟಿ ಫ್ಲಾಶಿನ ಫೋಟೋದ ಪ್ರತಿಯನ್ನು ತೆಗೆದು ಮೇಲೆತ್ತಿ ಹಿಡಿದೆ.

"ನೋಡಿ, ಕನ್ನಡಿ ಇದ್ದಂಗಿತ್ತು," ಎಂದೆ.

ಫೋಟೋ ಕೈಯಿಂದ ಕೈಗೆ ಹೋಯಿತು. ಅಯ್ಯೋ, ಎಂಥ ಮನೆ, ಎಂಥ ತೊಲೆ ಎಂದು ಜನ ಲೊಚಗುಟ್ಟಿದರು. ಸಾಹೇಬರು ಪೆಟ್ಟಿಗೆ ಎತ್ತಿಕೊಂಡು, ಇಳಿದ ಭುಜದ ಮೇಲೇ ಅದನ್ನು ಹೊತ್ತು, ಕೆಂಚಾರ್ಲಹಳ್ಳಿಯ ದಾರಿ ಹಿಡಿದರು. ಅವಳು ಅವರು ಕೊಟ್ಟಿದ್ದ ಫೋಟೋವನ್ನು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳೆಂದು ಆಮೇಲೆ ಕೇಳಿದೆ. ಹವಾಲ್ದಾರ ನನಗೆ ಕಾಗದ ಬರೆದ. ನಿಮ್ಮ ತಪ್ಪೇನಿದೆ, ಅಷ್ಟು ಚೆಂದದ ಮನೆಗೆ ದೃಷ್ಟಿ ತಾಗದೆ ಇರುತ್ತದೆಯೇ ಎಂದು.

ಅದಾದ ಮೇಲೆ ಚಿಂತಾಮಣಿ ಸೀಮೆಯಲ್ಲಿ ಯಾರೂ ಸಾಹೇಬರನ್ನು ಹೊಸ್ತಿಲು ತುಳಿಯಲು ಬಿಡಲಿಲ್ಲ. ಮಾತು ಶಿಡ್ಲಘಟ್ಟಕ್ಕೂ ಹರಡಿತು, ಗೌರಿಬಿದನೂರಿನ ಹನ್ನೊಂದು ಜನ ಮಾಯವಾದ ಕಥೆಯೂ ಅದಕ್ಕೆ ಸೇರಿಕೊಂಡಿತು. ಅವರು ಕ್ಯಾಮೆರಾ ಮಾರಿ ತಮ್ಮನ ನೂಲಿನ ಒಲೆಯ ಮುಂದೆ ಕೂತರು. ವರ್ಷದ ಮೇಲೆ ನಾನೊಮ್ಮೆ ಅಲ್ಲಿಗೆ ಹೋದೆ. ಕುದಿಯುವ ನೀರಿನಲ್ಲಿ ರೇಷ್ಮೆಗೂಡುಗಳು ಕುಣಿಯುತ್ತಿದ್ದವು. ಅವರ ಅಡಿಕೆ ಬಣ್ಣದ ಬೆರಳುಗಳು ಬೆಂದು ಬಿಳಿಚಿದ್ದವು. ಪಕ್ಕದಲ್ಲಿ ನಿಂತು ಕೇಳಿದೆ.

"ಅವತ್ತು ನೀವ್ಯಾಕೆ ಬಾಯಿ ಬಿಡಲಿಲ್ಲ ಸಾಹೇಬ್ರೇ? ಪ್ಲೇಟು ನಿಮ್ಮ ಹತ್ರಾನೂ ಇತ್ತಲ್ಲ."

ಅವರು ಹಬೆಯ ಆಚೆಯಿಂದ ನನ್ನನ್ನು ನೋಡಿದರು. ಕೋಪ ಇರಲಿಲ್ಲ.

"ತೆಗೆಯೋದು ನನ್ನ ಕೆಲಸ ಇತ್ತು ಜನಾಬ್. ತೋರಿಸೋದು ನಿಮ್ಮದು."

ನನಗೆ ಅಳು ಬಂತು. ಬಂದರೂ ಆ ಮೂರು ಫೋಟೋಗಳನ್ನು ಯಾರಿಗೂ ತೋರಿಸಲಿಲ್ಲ. ದಲ್ಲಾಳಿ ಕೆಲಸ ನಡೆಯುತ್ತಿತ್ತು, ಹೆಣ್ಣುಮಕ್ಕಳ ಮದುವೆ ಇತ್ತು, ಹೀಗೆ ಒಂದಲ್ಲ ಒಂದು ನೆಪ.

ಹೋದ ತಿಂಗಳು ಕೈವಾರಕ್ಕೆ ಹೋಗುವ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಹೆಣ್ಣುಮಗಳು ಕೂತಿದ್ದಳು. ಕಂಕುಳಲ್ಲಿ ಮಗು. ಮಾತಿಗೆ ಮಾತು ಬಂದು ನೋಡಿದರೆ ಹವಾಲ್ದಾರನ ಮಗಳು. ನನ್ನ ಗುರುತು ಅವಳಿಗೆ ಸಿಕ್ಕಲಿಲ್ಲ. ತನ್ನ ಬಾಲ್ಯದ ಕಥೆಯೆಂದು ಅವಳೇ ಹೇಳಿದಳು. "ಶಿಡ್ಲಘಟ್ಟದಿಂದ ಒಬ್ಬ ಫೋಟೋದವನು ಬಂದಿದ್ದ ಕಣ್ ತಾತ. ಅವನ ಕಣ್ಣು ಬಿದ್ದು ನಮ್ಮ ಮನೆ ಬಿದ್ದೋಯ್ತು. ಅವನೂ ಸತ್ತು ಎರಡು ವರ್ಷ ಆಯ್ತಂತೆ. ಈಗ್ಲೂ ನನ್ ಮಗೂಗೆ ಯಾರಾದ್ರೂ ಫೋಟೋ ತೆಗೀತೀನಿ ಅಂದ್ರೆ ನಾನು ಬಿಡಲ್ಲ." ಹೇಳುತ್ತಾ ಹೇಳುತ್ತಾ ಮಗುವಿನ ಮುಖಕ್ಕೆ ಸೆರಗು ಮುಚ್ಚಿದಳು.

ಅವಳು ಬದುಕಿರುವುದೇ ಆ ಫೋಟೋದಿಂದ ಎಂದು ಹೇಳಬಹುದಿತ್ತು. ಬಸ್ಸಿನಲ್ಲಿ ನಮ್ಮ ಮಾತು ಕೇಳಿಸಿಕೊಳ್ಳುವವರು ಯಾರೂ ಇರಲಿಲ್ಲ, ನಾನು ಕಳೆದುಕೊಳ್ಳಬೇಕಾದದ್ದೂ ಏನೂ ಉಳಿದಿರಲಿಲ್ಲ.

"ಹೌದೇನಮ್ಮ?" ಅಂದೆ.